ಖುಕ್ರಿ ನೌಕೆಯ ಸೇವೆ ಮತ್ತು ಸಮರ್ಪಣೆ

ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ವೀರಗಲ್ಲುಗಳು ನಿಂತಿವೆ. ಊರಳಿವಿನಲ್ಲಿ ಕಾದಿ ಮಡಿದವನು, ತುರುಗೊಳಿನಲ್ಲಿ ಗೋವುಗಳನ್ನು ಮರಳಿಸಲು ಹೋಗಿ ಬಿದ್ದವನು, ಹೆಣ್ಣಿನ ಮಾನವನ್ನು ಕಾಯಲು ಪ್ರಾಣವಿತ್ತವನು, ಇವರೆಲ್ಲರೂ ಆ ಕಲ್ಲುಗಳಲ್ಲಿ ಇಂದಿಗೂ ಬದುಕಿದ್ದಾರೆ. ಆದರೆ ನಡುಗಡಲಿನಲ್ಲಿ ಮಡಿದವನಿಗೆ ಈ ಭಾಗ್ಯ ಸುಲಭವಾಗಿ ದೊರೆಯುವುದಿಲ್ಲ. ಅವನು ಬಿದ್ದ ಎಡೆಯನ್ನು ಅಲೆಗಳು ಮರುಕ್ಷಣವೇ ಒರೆಸಿಬಿಡುತ್ತವೆ. ಮುಂಬಯಿಯ ಸಮೀಪದ ಎಕ್ಸಾರಿನಲ್ಲಿ ನೌಕಾಯುದ್ಧದ ದೃಶ್ಯಗಳನ್ನು ಕೊರೆದ ಪ್ರಾಚೀನ ವೀರಗಲ್ಲುಗಳಿವೆಯಾದರೂ ಅಂತಹವು ವಿರಳ. ಆದುದರಿಂದಲೇ ಕಡಲ ಯೋಧರ ಚರಿತ್ರೆಯನ್ನು ಓದಿನ ಮೂಲಕ, ನೆನಪಿನ ಮೂಲಕ ಉಳಿಸಿಕೊಳ್ಳಬೇಕಾದ ಹೊಣೆ ನೆಲದ ಮೇಲೆ ಬದುಕುವವರದಾಗಿದೆ. 1971ನೆಯ ಡಿಸೆಂಬರ್ 9ರ ರಾತ್ರಿ ಅರಬ್ಬೀ ಸಮುದ್ರದಲ್ಲಿ ಮುಳುಗಿದ ಭಾರತೀಯ ನೌಕಾಪಡೆಯ 'ಖುಕ್ರಿ' ಎಂಬ ಯುದ್ಧನೌಕೆಯ ವೃತ್ತಾಂತ ಅಂತಹ ಚರಿತ್ರೆಗಳಲ್ಲೊಂದು. ಸ್ವತಂತ್ರ ಭಾರತವು ಯುದ್ಧದಲ್ಲಿ ಕಳೆದುಕೊಂಡ ಮೊದಲನೆಯ ಯುದ್ಧನೌಕೆ ಇದು. ಎರಡನೆಯ ಮಹಾಯುದ್ಧದ ತರುವಾಯ ಜಗತ್ತಿನಲ್ಲಿ ಜಲಾಂತರ್ಗಾಮಿಯೊಂದರ ದಾಳಿಗೆ ತುತ್ತಾದ ಮೊದಲನೆಯ ಯುದ್ಧನೌಕೆಯೂ ಇದೇ.

ಯುದ್ಧನೌಕೆಗಳಲ್ಲಿ ಹಲವು ವರ್ಗಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟಾರ್ಪೆಡೊ ಎಂಬ ನೀರೊಳಗಿನ ಅಸ್ತ್ರವನ್ನು ಹೊತ್ತ ಚಿಕ್ಕ ಚಿಕ್ಕ ದೋಣಿಗಳು ದೊಡ್ಡ ನೌಕೆಗಳಿಗೆ ಮೃತ್ಯುಪ್ರಾಯವಾದಾಗ, ಅವನ್ನು ಬೆನ್ನಟ್ಟಿ ನಾಶಮಾಡಲು ವೇಗಶಾಲಿಯಾದ ನೌಕೆಗಳನ್ನು ಕಟ್ಟಲಾಯಿತು. ಅವೇ ಡಿಸ್ಟ್ರಾಯರುಗಳು. ಕನ್ನಡದಲ್ಲಿ ಅವನ್ನು ವಿನಾಶಕ ನೌಕೆಗಳೆಂದು ಕರೆಯುವ ರೂಢಿಯಿದೆ. ಮುಂದೆ ಜಲಾಂತರ್ಗಾಮಿಗಳು ಬಂದು ನೀರಿನ ಆಳದಿಂದಲೇ ಟಾರ್ಪೆಡೊ ಬಿಡತೊಡಗಿದಾಗ ಬೇಟೆಗಾರನ ಕೆಲಸವು ಇನ್ನಷ್ಟು ಕಠಿನವಾಯಿತು. ಹಡಗುಗಳ ಗುಂಪಿಗೆ ಬೆಂಗಾವಲಾಗಿ ಹೋಗಿ, ಕಾಣದ ವೈರಿಯನ್ನು ಹುಡುಕಿ ಹೊಡೆಯುವುದಕ್ಕೆಂದೇ ವಿನಾಶಕ ನೌಕೆಗಿಂತ ಚಿಕ್ಕದಾದ, ಕಡಿಮೆ ವೆಚ್ಚದ ಫ್ರಿಗೇಟುಗಳು ಹುಟ್ಟಿಕೊಂಡವು. ಖುಕ್ರಿ ಈ ಕಿರಿಯ ವರ್ಗಕ್ಕೆ ಸೇರಿದ್ದು, ಕೆಲಸದಲ್ಲಿ ವಿನಾಶಕ ನೌಕೆಯ ತಮ್ಮನೆನ್ನಬಹುದಾದ ನೌಕೆ.

ಸ್ವಾತಂತ್ರ್ಯಾನಂತರ ಭಾರತವು ತನ್ನ ನೌಕಾಬಲವನ್ನು ಹೊಸದಾಗಿ ಕಟ್ಟಿಕೊಳ್ಳುವಾಗ ಇಂಗ್ಲೆಂಡಿನ 'ಬ್ಲ್ಯಾಕ್‌ವುಡ್' ವರ್ಗದ ಮೂರು ಫ್ರಿಗೇಟುಗಳನ್ನು ಮಾಡಿಸಿಕೊಂಡಿತು. ಅವುಗಳಿಗೆ ಇಟ್ಟ ಹೆಸರುಗಳು ಭಾಷಾಪ್ರೇಮಿಗಳ ಗಮನವನ್ನು ಸೆಳೆಯತಕ್ಕವು. ಖುಕ್ರಿ ಎಂಬುದು ಗೂರ್ಖಾ ವೀರರು ಸೊಂಟದಲ್ಲಿ ಧರಿಸುವ ಬಾಗಿದ ಕತ್ತಿ. ಕಿರ್ಪಾನ್ ಎಂಬುದು ಸಿಖ್ಖರ ಧರ್ಮಚಿಹ್ನೆಯಾದ ಖಡ್ಗ; ಸಂಸ್ಕೃತದ 'ಕೃಪಾಣ' ಶಬ್ದದ ರೂಪಾಂತರ. ಕುಠಾರ ಎಂಬುದಂತೂ ನೇರವಾಗಿ ಸಂಸ್ಕೃತ ಶಬ್ದವೇ, ಕೊಡಲಿ ಎಂದರ್ಥ. ಹೀಗೆ ಮೂರು ಆಯುಧಗಳ ಹೆಸರನ್ನು ಹೊತ್ತ ಈ ಮೂವರು ಸಹೋದರಿಯರು ಹದಿನಾಲ್ಕನೆಯ ಫ್ರಿಗೇಟ್ ದಳವೆಂದು ಖ್ಯಾತಿ ಪಡೆದರು.

ಖುಕ್ರಿಯನ್ನು ಇಂಗ್ಲೆಂಡಿನ ವೈಟ್ ದ್ವೀಪದ ಕೌಸ್ ಪಟ್ಟಣದಲ್ಲಿ ಸ್ಯಾಮ್ಯುಯೆಲ್ ವೈಟ್ ಎಂಬವರ ಹಡಗುಕಟ್ಟೆಯಲ್ಲಿ ಕಟ್ಟಲಾಯಿತು. 1956ನೆಯ ನವೆಂಬರ್ 20ರಂದು ಅದು ನೀರಿಗಿಳಿಯಿತು. 1958ನೆಯ ಜುಲೈ 16ರಂದು ಭಾರತೀಯ ನೌಕಾಪಡೆಯ ಸೇವೆಗೆ ಸೇರಿತು. ಉದ್ದ ಸುಮಾರು 94 ಮೀಟರು. ತೂಕ ಪೂರ್ಣ ಭಾರದೊಡನೆ ಸುಮಾರು 1,500 ಟನ್ನು. ಉಗಿಯಿಂದ ನಡೆಯುವ ಟರ್ಬೈನು, ಒಂದೇ ಒಂದು ಚಾಲಕ ಚಕ್ರ, ಗಂಟೆಗೆ 27 ನಾಟಿಗೂ ಮಿಗಿಲಾದ ವೇಗ. ಒಂದು ನಾಟು ಎಂದರೆ ಗಂಟೆಗೆ ಒಂದು ಕಡಲ ಮೈಲಿ, ಅಂದರೆ ಸುಮಾರು 1.85 ಕಿಲೋಮೀಟರು. ದೊಡ್ಡ ಫಿರಂಗಿಗಳು ಈ ನೌಕೆಯ ಮೇಲೆ ಇರಲಿಲ್ಲ. ವಿಮಾನಗಳನ್ನು ಎದುರಿಸಲು 40 ಮಿಲಿಮೀಟರಿನ ಬೋಫರ್ಸ್ ತೋಪುಗಳು, ಜಲಾಂತರ್ಗಾಮಿಗಳನ್ನು ಹೊಡೆಯಲು ಮೂರು ಮೂರು ನಳಿಕೆಗಳ ಎರಡು 'ಲಿಂಬೊ' ಮಾರ್ಟರುಗಳು, ಇಷ್ಟೇ ಅದರ ಆಯುಧಸಂಪತ್ತು. ಒಂದೇ ಕೆಲಸಕ್ಕಾಗಿ ಹುಟ್ಟಿದ ನೌಕೆ ಅದು. ಆ ಕೆಲಸವೆಂದರೆ ಜಲಾಂತರ್ಗಾಮಿಯ ಬೇಟೆ.

ಈ ಬೇಟೆ ನಡೆಯುವ ರೀತಿಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳದ ಹೊರತು ಮುಂದೆ ನಡೆದ ದುರಂತದ ಕಾರಣವು ಸ್ಪಷ್ಟವಾಗದು. ರಾಮಾಯಣದಲ್ಲಿ ದಶರಥ ಮಹಾರಾಜನು ಶಬ್ದವೇಧಿ ವಿದ್ಯೆಯನ್ನು ಬಲ್ಲವನಾಗಿದ್ದನೆಂದು ಕಥೆಯಿದೆ. ಕತ್ತಲೆಯಲ್ಲಿ ಕೊಡವು ತುಂಬುವ ಸದ್ದನ್ನು ಕೇಳಿ ಆನೆಯೆಂದು ಭ್ರಮಿಸಿ ಬಾಣ ಬಿಟ್ಟು, ಕುರುಡ ತಂದೆತಾಯಿಗಳ ಏಕಮಾತ್ರ ಆಸರೆಯಾಗಿದ್ದ ಮುನಿಕುಮಾರನನ್ನು ಕೊಂದನು. ಸಮುದ್ರದೊಳಗಿನ ಯುದ್ಧವೂ ಸಂಪೂರ್ಣವಾಗಿ ಶಬ್ದವೇಧಿ ಯುದ್ಧವೇ. ನೀರಿನಲ್ಲಿ ಬೆಳಕು ಬಹುದೂರ ಹೋಗದು, ರೇಡಿಯೋ ಅಲೆಗಳೂ ಹೋಗವು. ಆದರೆ ಶಬ್ದ ಹೋಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವ ಶಬ್ದವು ಕಡಲ ನೀರಿನಲ್ಲಿ ಸುಮಾರು 1,500 ಮೀಟರು ಚಲಿಸುತ್ತದೆ. ಈ ಗುಣವನ್ನು ಬಳಸಿಕೊಂಡ ಯಂತ್ರವೇ ಸೋನಾರು. ನೌಕೆಯ ತಳದಿಂದ ಒಂದು ಶಬ್ದತರಂಗವನ್ನು ನೀರಿಗೆ ಬಿಡುತ್ತಾರೆ. ಅದು ಯಾವುದಾದರೂ ಘನವಸ್ತುವಿಗೆ ತಾಕಿದರೆ ಪ್ರತಿಧ್ವನಿಯಾಗಿ ಮರಳುತ್ತದೆ. ಮರಳಲು ಹಿಡಿದ ಕಾಲದಿಂದ ದೂರವನ್ನೂ, ಬಂದ ದಿಕ್ಕಿನಿಂದ ನೆಲೆಯನ್ನೂ ಲೆಕ್ಕ ಹಾಕುತ್ತಾರೆ.

ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಕಡಲಿನ ನೀರು ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಮೇಲಿನ ಪದರವು ಬೆಚ್ಚಗೆ, ಕೆಳಗಿನ ಪದರವು ತಣ್ಣಗೆ ಇದ್ದಾಗ ಶಬ್ದತರಂಗವು ಬಾಗಿ ಬೇರೆ ದಾರಿ ಹಿಡಿಯುತ್ತದೆ. ಆಳದಲ್ಲಿ ಅಡಗಿದ ಜಲಾಂತರ್ಗಾಮಿಯು ಆ ಮರೆಯಲ್ಲಿ ಸುರಕ್ಷಿತವಾಗಿರಬಲ್ಲದು. ಎರಡನೆಯದು, ಬೇಟೆಗಾರ ನೌಕೆಯ ಯಂತ್ರಗಳು ಮತ್ತು ಚಾಲಕ ಚಕ್ರ ಮಾಡುವ ಸದ್ದೇ ಅದರ ಕಿವಿಯನ್ನು ಕಿವುಡಾಗಿಸುತ್ತದೆ. ವೇಗವಾಗಿ ಹೋದರೆ ಟಾರ್ಪೆಡೊಗೆ ಸಿಕ್ಕುವ ಭಯ ಕಡಿಮೆ, ಆದರೆ ಪ್ರತಿಧ್ವನಿ ಕೇಳಿಸದು. ನಿಧಾನವಾಗಿ ಹೋದರೆ ಪ್ರತಿಧ್ವನಿ ಚೆನ್ನಾಗಿ ಕೇಳಿಸೀತು, ಆದರೆ ತಾನೇ ಗುರಿಯಾಗುವ ಭಯ ಹೆಚ್ಚು. ಇತ್ತ ಜಲಾಂತರ್ಗಾಮಿಗೆ ಈ ತೊಂದರೆಯಿಲ್ಲ. ಅದು ಬ್ಯಾಟರಿಗಳ ಬಲದಿಂದ ಸದ್ದಿಲ್ಲದೆ ನಿಂತು, ತಾನು ಯಾವ ಶಬ್ದವನ್ನೂ ಮಾಡದೆ, ಮೇಲಿನ ನೌಕೆಯ ಶಬ್ದವನ್ನು ಬಹುದೂರದಿಂದಲೇ ಆಲಿಸಬಲ್ಲದು. ಖುಕ್ರಿಯ ಲಿಂಬೊ ಮಾರ್ಟರು ಸಿಡಿಗುಂಡುಗಳನ್ನು ಹೆಚ್ಚೆಂದರೆ ಒಂದು ಕಿಲೋಮೀಟರಿನ ಒಳಗೆ ಎಸೆಯಬಲ್ಲದಾಗಿತ್ತು. ಜಲಾಂತರ್ಗಾಮಿಯ ಟಾರ್ಪೆಡೊಗಳಾದರೋ ಹಲವು ಕಿಲೋಮೀಟರು ದೂರದಿಂದ ಬರಬಲ್ಲವು. ಬೇಟೆಗಾರನ ಕೈ ಮೋಟು, ಬೇಟೆಯ ಕೈ ಉದ್ದ ಎಂಬಂತಹ ವಿಷಮ ಸ್ಥಿತಿ ಅದು.

1971ನೆಯ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮ ಭಾರತದ ವಿಮಾನನೆಲೆಗಳ ಮೇಲೆ ದಾಳಿ ಮಾಡಿದುದರಿಂದ ಯುದ್ಧವು ಬಹಿರಂಗವಾಗಿ ಆರಂಭವಾಯಿತು. ಡಿಸೆಂಬರ್ 4ರ ರಾತ್ರಿ ಭಾರತದ ಕ್ಷಿಪಣಿ ದೋಣಿಗಳು ಕರಾಚಿಯವರೆಗೆ ಸಾಗಿ, ಪಾಕಿಸ್ತಾನದ 'ಖೈಬರ್' ಎಂಬ ವಿನಾಶಕ ನೌಕೆಯನ್ನು ಮುಳುಗಿಸಿದವು. ಪೂರ್ವ ಕರಾವಳಿಯಲ್ಲಿ ವಿಶಾಖಪಟ್ಟಣದ ಹೊರಗೆ 'ಘಾಜಿ' ಎಂಬ ಪಾಕಿಸ್ತಾನೀ ಜಲಾಂತರ್ಗಾಮಿಯು ತನ್ನವರೆಲ್ಲರೊಡನೆ ತಳ ಸೇರಿತು. ಭಾರತದ ನೌಕಾಬಲಕ್ಕೆ ವಿಜಯವು ಒಂದರ ಮೇಲೊಂದು ಬರುತ್ತಿದ್ದ ಕಾಲವದು. ಆದರೆ ಪಶ್ಚಿಮ ಸಮುದ್ರದಲ್ಲಿ ಮತ್ತೊಂದು ಜಲಾಂತರ್ಗಾಮಿಯು ಸದ್ದಿಲ್ಲದೆ ಸುಳಿದಾಡುತ್ತಿತ್ತು. ಅದರ ಹೆಸರು 'ಹಂಗೋರ್'. ಫ್ರಾನ್ಸಿನ 'ಡಾಫ್ನೆ' ವರ್ಗಕ್ಕೆ ಸೇರಿದ, ಆ ಕಾಲಕ್ಕೆ ಅತ್ಯಾಧುನಿಕವೆನಿಸಿದ್ದ ಈ ಜಲಾಂತರ್ಗಾಮಿಯಲ್ಲಿ ಹನ್ನೆರಡು ಟಾರ್ಪೆಡೊ ನಳಿಕೆಗಳಿದ್ದವು. ಅದರ ನಾಯಕ ಕಮಾಂಡರ್ ಅಹ್ಮದ್ ತಸ್ನೀಮ್. ಹಂಗೋರ್ ಎಂಬುದು ಬಂಗಾಳಿ ಶಬ್ದ. ಶಾರ್ಕ್ ಮೀನು ಎಂದರ್ಥ. ಬಂಗಾಳದ ಬಿಡುಗಡೆಯ ಪ್ರಶ್ನೆಗಾಗಿಯೇ ನಡೆದ ಯುದ್ಧದಲ್ಲಿ ಪಾಕಿಸ್ತಾನದ ನೌಕೆಯು ಬಂಗಾಳಿ ಹೆಸರನ್ನೇ ಹೊತ್ತು ಕಾದಿತೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು.

ಸೌರಾಷ್ಟ್ರದ ಕರಾವಳಿಯಲ್ಲಿ ದೀವ್ ದ್ವೀಪದ ನೈಋತ್ಯಕ್ಕೆ ಜಲಾಂತರ್ಗಾಮಿಯೊಂದು ಇರುವುದನ್ನು ಭಾರತೀಯ ನೌಕಾಪಡೆಯ ರೇಡಿಯೋ ಶೋಧಕ ಯಂತ್ರಗಳು ಪತ್ತೆಹಚ್ಚಿದವು. ಅದನ್ನು ಹುಡುಕಿ ನಾಶಮಾಡಲು ಹದಿನಾಲ್ಕನೆಯ ಫ್ರಿಗೇಟ್ ದಳಕ್ಕೆ ಆಜ್ಞೆಯಾಯಿತು. ಕುಠಾರದ ಬಾಯ್ಲರಿನಲ್ಲಿ ದೋಷವುಂಟಾಗಿದ್ದುದರಿಂದ ಅದು ಹೋಗುವಂತಿರಲಿಲ್ಲ. ಹೀಗಾಗಿ ಖುಕ್ರಿ ಮತ್ತು ಕಿರ್ಪಾನ್ ಎರಡೇ ಮುಂಬಯಿಯಿಂದ ಹೊರಟವು. ದಳದ ಹಿರಿಯ ಅಧಿಕಾರಿಯೂ ಖುಕ್ರಿಯ ನಾಯಕರೂ ಆಗಿದ್ದವರು ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. 1926ನೆಯ ಮೇ 15ರಂದು ಉತ್ತರ ಪ್ರದೇಶದ ಗೋರಖಪುರದಲ್ಲಿ ಜನಿಸಿದ ಇವರು 1948ರಲ್ಲಿ ನೌಕಾಪಡೆಯ ಅಧಿಕಾರಿಯಾಗಿ ನಿಯುಕ್ತರಾದರು. ಯುದ್ಧದ ವೇಳೆಗೆ ಅವರಿಗೆ ನಲವತ್ತೈದು ವರ್ಷ.

ಖುಕ್ರಿಯಲ್ಲಿ ಆಗ ಒಂದು ಹೊಸ ಪ್ರಯೋಗವು ನಡೆಯುತ್ತಿತ್ತು. ಹಳೆಯ ಸೋನಾರಿನ ದೃಷ್ಟಿದೂರವನ್ನು ಹೆಚ್ಚಿಸಬಲ್ಲ ಸುಧಾರಣೆಯೊಂದನ್ನು ಲೆಫ್ಟಿನೆಂಟ್ ವಿ. ಕೆ. ಜೈನ್ ಎಂಬ ತರುಣ ಅಧಿಕಾರಿಯು ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ದುಡಿದು ರೂಪಿಸಿದ್ದರು. ಅದನ್ನು ನಿಜವಾದ ಯುದ್ಧದಲ್ಲಿ ಒರೆಗೆ ಹಚ್ಚಲು ಅವರೂ ಖುಕ್ರಿಯನ್ನೇರಿದ್ದರು. ಈ ಯಂತ್ರವು ಸರಿಯಾಗಿ ಕೆಲಸ ಮಾಡಬೇಕಾದರೆ ನೌಕೆಯು ನಿಧಾನವಾಗಿ ಸಾಗಬೇಕಾಗಿತ್ತು. ಆದಕಾರಣ ಖುಕ್ರಿ ಹಾಗೂ ಕಿರ್ಪಾನ್ ಗಂಟೆಗೆ ಸುಮಾರು 12 ನಾಟಿನ ವೇಗದಲ್ಲಿ, ಅಂದರೆ ತಮ್ಮ ಶಕ್ತಿಯ ಅರ್ಧಕ್ಕಿಂತಲೂ ಕಡಿಮೆ ವೇಗದಲ್ಲಿ, ಗೊತ್ತುಮಾಡಿದ ಹಾದಿಯಲ್ಲಿ ಹುಡುಕುತ್ತ ಸಾಗಿದವು. ಈ ನಿರ್ಧಾರವನ್ನು ಕುರಿತು ಬಳಿಕ ಸಾಕಷ್ಟು ಚರ್ಚೆ ನಡೆದಿದೆ. ವೇಗವಾಗಿ, ಅಂಕುಡೊಂಕಾಗಿ ಸಾಗಿದ್ದರೆ ಅನಾಹುತ ತಪ್ಪುತ್ತಿತ್ತೆಂದು ಒಂದು ವಾದ; ಹಾಗೆ ಸಾಗಿದ್ದರೆ ವೈರಿಯನ್ನು ಕಾಣುವ ಆಸೆಯನ್ನೇ ಬಿಡಬೇಕಿತ್ತೆಂದು ಇನ್ನೊಂದು ವಾದ. ಎರಡರಲ್ಲಿಯೂ ಹುರುಳಿದೆ. ತನ್ನನ್ನು ಕಾಯ್ದುಕೊಳ್ಳುವ ದಾರಿಗೂ ಒಪ್ಪಿಕೊಂಡ ಕೆಲಸವನ್ನು ಮಾಡುವ ದಾರಿಗೂ ವಿರೋಧ ಬಂದಾಗ ಕ್ಯಾಪ್ಟನ್ ಮುಲ್ಲಾ ಎರಡನೆಯದನ್ನು ಆರಿಸಿಕೊಂಡರೆಂಬುದಷ್ಟೇ ನಿರ್ವಿವಾದ. ಆ ಆಯ್ಕೆಗೆ ತೆರಬೇಕಾದ ಬೆಲೆ ಅಪಾರವಾಗಿತ್ತೆಂಬುದೂ ಅಷ್ಟೇ ನಿರ್ವಿವಾದ.

ಡಿಸೆಂಬರ್ 9ರ ಇರುಳು. ಆ ಎರಡು ನೌಕೆಗಳು ಬರುವ ಸದ್ದನ್ನು ಹಂಗೋರ್ ಬಹುದೂರದಿಂದಲೇ ಆಲಿಸಿ, ಅವು ಸಾಗುವ ಹಾದಿಯನ್ನು ಲೆಕ್ಕಹಾಕಿ, ನೀರಿನಡಿಯಲ್ಲಿ ಕಾದು ಕುಳಿತಿತು. ಮೊದಲನೆಯ ಟಾರ್ಪೆಡೊವನ್ನು ಅದು ಕಿರ್ಪಾನಿನ ಮೇಲೆ ಬಿಟ್ಟಿತೆಂದೂ, ಅದು ಸಿಡಿಯದೆ ಹೋಯಿತೆಂದೂ ಹಂಗೋರಿನ ಕಡೆಯ ಕಥನವು ತಿಳಿಸುತ್ತದೆ. ತರುವಾಯ ಬಿಟ್ಟ ಟಾರ್ಪೆಡೊ ಖುಕ್ರಿಯ ತಳಕ್ಕೆ ಬಡಿದು ಸಿಡಿಯಿತು. ಶಬ್ದವನ್ನು ಹಿಂಬಾಲಿಸಿ ತಾನೇ ಗುರಿಯನ್ನು ಹುಡುಕಿಕೊಳ್ಳುವ ಅಸ್ತ್ರವದು. ಆಧುನಿಕ ಕಾಲದ ಶಬ್ದವೇಧಿ. ಗಂಟೆ ರಾತ್ರಿ 8-50. ದೀವ್‌ನಿಂದ ಸುಮಾರು 40 ಕಡಲ ಮೈಲಿ ದೂರ. ನೌಕೆಯ ದೀಪಗಳೆಲ್ಲ ಆರಿಹೋದವು. ಕೆಳಗಿನ ಅಂಕಣಗಳಲ್ಲಿದ್ದವರಿಗೆ ಮೇಲೆ ಬರುವ ಅವಕಾಶವೇ ಇರಲಿಲ್ಲ. ಕಿರ್ಪಾನ್ ತನ್ನ ಮಾರ್ಟರುಗಳಿಂದ ಪ್ರತಿದಾಳಿ ಮಾಡಿತಾದರೂ ಅದರ ಮೇಲೆಯೂ ಟಾರ್ಪೆಡೊ ಬಂದುದರಿಂದ ದೂರ ಸರಿಯಬೇಕಾಯಿತು. ಕೆಲವೇ ನಿಮಿಷಗಳಲ್ಲಿ ಖುಕ್ರಿ ಸಮುದ್ರಗರ್ಭವನ್ನು ಸೇರಿತು.

ಆ ಕೆಲವು ನಿಮಿಷಗಳಲ್ಲಿ ಕ್ಯಾಪ್ಟನ್ ಮುಲ್ಲಾ ನಡೆದುಕೊಂಡ ರೀತಿಯನ್ನು ಬದುಕುಳಿದವರ ಹೇಳಿಕೆಗಳೂ, ಅವರಿಗೆ ಮರಣೋತ್ತರವಾಗಿ ನೀಡಲಾದ ಮಹಾವೀರ ಚಕ್ರದ ಪ್ರಶಸ್ತಿಪತ್ರವೂ ಸಾರುತ್ತವೆ. ನೌಕೆಯನ್ನು ತೊರೆಯುವಂತೆ ಆಜ್ಞೆಯಿತ್ತ ಅವರು ಗಾಬರಿಯಿಲ್ಲದೆ, ಶಾಂತಚಿತ್ತದಿಂದ, ಕ್ರಮವರಿತು ತಮ್ಮವರನ್ನು ನೀರಿಗಿಳಿಸುವ ಏರ್ಪಾಡು ಮಾಡಿದರು. ತಮ್ಮ ಪ್ರಾಣರಕ್ಷಕ ಸಾಧನವನ್ನು ಒಬ್ಬ ನಾವಿಕನಿಗೆ ಕೊಟ್ಟುಬಿಟ್ಟರು. ಸಾಧ್ಯವಾದಷ್ಟು ಮಂದಿಯನ್ನು ಹೊರಗೆ ಕಳುಹಿಸಿದ ಮೇಲೆ, ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ನೋಡಲು ಚಾಲನಪೀಠಕ್ಕೆ ಮರಳಿದರು. ಅನಂತರ ಅವರನ್ನು ಕಂಡವರು ಮುಳುಗುತ್ತಿದ್ದ ನೌಕೆಯೊಡನೆಯೇ ಕಂಡರು.

ನಾಯಕನು ನೌಕೆಯೊಡನೆ ಮುಳುಗಲೇಬೇಕೆಂಬ ವಿಧಿಯೇನೂ ನೌಕಾಪಡೆಯ ಶಾಸನದಲ್ಲಿಲ್ಲ. ಅದು ಕಡಲಿಗರ ಹಳೆಯ ಸಂಪ್ರದಾಯವೊಂದರ ನೆರಳು ಮಾತ್ರ. ಕೆಲವರು ಇದನ್ನು ವ್ಯರ್ಥ ಬಲಿದಾನವೆಂದು ಆಕ್ಷೇಪಿಸುವುದೂ ಉಂಟು. ಅನುಭವಿಯಾದ ನಾಯಕನು ಬದುಕಿದ್ದರೆ ನಾಡಿಗೆ ಇನ್ನೂ ಎಷ್ಟೋ ಸೇವೆ ಸಲ್ಲುತ್ತಿತ್ತಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವೇ. ಆದರೆ ಕ್ಯಾಪ್ಟನ್ ಮುಲ್ಲಾ ಸಾಯಬೇಕೆಂದು ನೌಕೆಯಲ್ಲಿ ಉಳಿದವರಲ್ಲ ಎಂಬ ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಮಾಡಬೇಕಾದ ಕೆಲಸ ಇನ್ನೂ ಉಳಿದಿತ್ತು; ಅದಕ್ಕಾಗಿ ಅವರು ಮರಳಿದರು. ಕೆಳಗಿನ ಅಂಕಣಗಳಲ್ಲಿ ಸಿಕ್ಕಿಬಿದ್ದಿದ್ದವರು ಅವರ ಮಾತನ್ನು ನಂಬಿ ಕಡಲಿಗೆ ಬಂದವರು. ಅವರನ್ನು ಬಿಟ್ಟು ತಾನು ಮೊದಲು ಹೊರಡುವುದು ಆ ಮನಸ್ಸಿಗೆ ಒಗ್ಗಲಿಲ್ಲ. ಶರಣರು ಬೋಧಿಸಿದ ಕಾಯಕತತ್ತ್ವದಲ್ಲಿ ಫಲಕ್ಕಿಂತ ನಿಷ್ಠೆಯು ದೊಡ್ಡದು. ಕೈಗೊಂಡ ಕಾಯಕವನ್ನು ನಡುವೆ ಬಿಡುವುದಕ್ಕೆ ಅಲ್ಲಿ ಎಡೆಯಿಲ್ಲ. ದಾಸೋಹವೆಂದರೆ ತನ್ನಲ್ಲಿರುವುದನ್ನು ಅಗತ್ಯವುಳ್ಳವನಿಗೆ ಹಂಚುವುದು. ಮುಳುಗುವ ಹಡಗಿನ ಮೇಲೆ ಒಬ್ಬನ ಬಳಿ ಇರಬಹುದಾದ ಸಕಲ ಸಂಪತ್ತೆಂದರೆ ಒಂದು ಪ್ರಾಣರಕ್ಷಕ ಕವಚ. ಅದನ್ನು ಇನ್ನೊಬ್ಬನಿಗೆ ಕೊಟ್ಟುದಕ್ಕಿಂತ ಮಿಗಿಲಾದ ದಾಸೋಹವು ಯಾವುದಿದ್ದೀತು?

ಆದರೆ ನಾಯಕರೊಬ್ಬರ ಹೆಸರಿನಲ್ಲಿ ಉಳಿದವರನ್ನು ಮರೆಯುವುದು ಅನ್ಯಾಯ. ಖುಕ್ರಿಯೊಡನೆ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ, ಒಟ್ಟು 194 ಮಂದಿ ಜಲಸಮಾಧಿ ಹೊಂದಿದರು. ಬಾಯ್ಲರಿನ ಬಳಿ ಬೆವರು ಸುರಿಸುತ್ತಿದ್ದವರು, ಅಡುಗೆಮನೆಯಲ್ಲಿದ್ದವರು, ರೇಡಿಯೋ ಮುಂದೆ ಕುಳಿತಿದ್ದವರು, ಎಲ್ಲರೂ ಅವರಲ್ಲಿದ್ದರು. ತನ್ನ ಸೋನಾರನ್ನು ಒರೆಗೆ ಹಚ್ಚಲು ಬಂದಿದ್ದ ಲೆಫ್ಟಿನೆಂಟ್ ಜೈನ್ ಕೂಡ ಮರಳಲಿಲ್ಲ. ನೀರಿಗೆ ಹಾರಿ ರಾತ್ರಿಯೆಲ್ಲ ಕಡಲಿನಲ್ಲಿ ತೇಲಿದವರನ್ನು ಮರುದಿನ 'ಕಚ್ಚಾಲ್' ಎಂಬ ನೌಕೆಯು ಎತ್ತಿಕೊಂಡಿತು. ಹೀಗೆ ಉಳಿದವರು 6 ಮಂದಿ ಅಧಿಕಾರಿಗಳು, 61 ಮಂದಿ ನಾವಿಕರು. ಇದೇ ಯುದ್ಧದಲ್ಲಿ ಖೈಬರ್ ಮತ್ತು ಘಾಜಿಯೊಡನೆ ಮುಳುಗಿದವರಿಗೂ ತಾಯಂದಿರಿದ್ದರೆಂಬುದನ್ನು ನೆನೆದಾಗ, ಶಬ್ದವೇಧಿ ಬಾಣದಿಂದ ಮಗನನ್ನು ಕಳೆದುಕೊಂಡ ಆ ಕುರುಡ ದಂಪತಿಗಳ ಗೋಳು ಯಾವ ಒಂದು ನಾಡಿಗೂ ಸೀಮಿತವಲ್ಲವೆಂದು ತೋರುತ್ತದೆ.

ದಾಳಿಯ ಬಳಿಕ ಹಲವು ದಿನಗಳವರೆಗೆ ಭಾರತದ ನೌಕೆಗಳೂ ವಿಮಾನಗಳೂ ಹಂಗೋರನ್ನು ಹುಡುಕಿದವು. ಅದು ತಪ್ಪಿಸಿಕೊಂಡು ಕರಾಚಿಯನ್ನು ಸೇರಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗತವಾಗಿ ಬಾಂಗ್ಲಾದೇಶವು ಉದಯಿಸಿತು. ವಿಜಯದ ಸಂಭ್ರಮದಲ್ಲಿ ನಾಡು ಮುಳುಗಿದ್ದರೂ ನೌಕಾಪಡೆಯು ಖುಕ್ರಿಯ ಪಾಠವನ್ನು ಮರೆಯಲಿಲ್ಲ. ಜಲಾಂತರ್ಗಾಮಿಯನ್ನು ಎದುರಿಸಲು ಹಳೆಯ ಸೋನಾರು, ಮೋಟು ಮಾರ್ಟರು ಸಾಲವೆಂಬುದು ಸ್ಪಷ್ಟವಾಯಿತು. ಹೆಲಿಕಾಪ್ಟರಿನಿಂದ ಸೋನಾರನ್ನು ನೀರಿಗಿಳಿಸಿ ಹುಡುಕುವ ಪದ್ಧತಿಗೆ ಪ್ರಾಶಸ್ತ್ಯ ದೊರೆಯಿತು. ಏಕೆಂದರೆ ಆಕಾಶದಲ್ಲಿರುವ ಬೇಟೆಗಾರನಿಗೆ ಟಾರ್ಪೆಡೊದ ಭಯವಿಲ್ಲ. ಸ್ವದೇಶೀ ಸೋನಾರುಗಳ ನಿರ್ಮಾಣವೂ ಮುಂದುವರಿಯಿತು. ಕೊಚ್ಚಿಯ ನೌಕಾ ಭೌತಶಾಸ್ತ್ರ ಮತ್ತು ಸಮುದ್ರಶಾಸ್ತ್ರ ಪ್ರಯೋಗಾಲಯದಲ್ಲಿ ರೂಪುಗೊಂಡು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ 'ಅಪ್ಸೋ' ಎಂಬ ಸೋನಾರು 1980ರ ದಶಕದಲ್ಲಿ ನಮ್ಮ ಯುದ್ಧನೌಕೆಗಳನ್ನೇರಿತು. ಖುಕ್ರಿಯ ಮೇಲೆ ಅಪೂರ್ಣವಾಗಿ ಉಳಿದ ಪ್ರಯೋಗವು ಹೀಗೆ ಬೇರೆ ಕೈಗಳಲ್ಲಿ, ಕನ್ನಡ ನೆಲದ ದುಡಿಮೆಯೂ ಸೇರಿ, ಮುಂದೆ ಸಾಗಿತು.

ಉಳಿದ ಸಹೋದರಿಯರಾದ ಕಿರ್ಪಾನ್ ಮತ್ತು ಕುಠಾರಗಳು 1970ರ ದಶಕದ ಕೊನೆಯಲ್ಲಿ, ಆಗ ತಾನೇ ಸ್ಥಾಪಿತವಾದ ಭಾರತೀಯ ಕರಾವಳಿ ರಕ್ಷಣಾ ಪಡೆಗೆ ಅದರ ಮೊದಲ ನೌಕೆಗಳಾಗಿ ಹೋದವು. ನೌಕಾಪಡೆಯಲ್ಲಿ ಒಂದು ಸಂಪ್ರದಾಯವಿದೆ: ಸೇವೆ ಮುಗಿಸಿದ ನೌಕೆಯ ಹೆಸರನ್ನು ಹೊಸ ನೌಕೆಗೆ ಇಡುವುದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆತನಗಳ ವಾಡಿಕೆಯಂತೆಯೇ ಇದು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಿದ ಕಾರ್ವೆಟ್ ವರ್ಗದ ಹೊಸ ಖುಕ್ರಿಯು 1989ನೆಯ ಆಗಸ್ಟ್ 23ರಂದು ಸೇವೆಗೆ ಸೇರಿ, 32 ವರ್ಷ ದುಡಿದು, 2021ನೆಯ ಡಿಸೆಂಬರ್ 23ರಂದು ವಿಶಾಖಪಟ್ಟಣದಲ್ಲಿ ನಿವೃತ್ತವಾಯಿತು. 2022ನೆಯ ಜನವರಿಯಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ಉಳಿಸಲೆಂದು ದೀವ್‌ನ ಆಡಳಿತಕ್ಕೆ ಒಪ್ಪಿಸಲಾಯಿತು. ಹಂಗೋರ್ ಕೂಡ 2006ರಲ್ಲಿ ನಿವೃತ್ತವಾಗಿ ಕರಾಚಿಯಲ್ಲಿ ಪ್ರದರ್ಶನದ ವಸ್ತುವಾಗಿದೆ. ಅಂದಿನ ಬೇಟೆಗಾರನೂ, ಅಂದು ಬಿದ್ದವಳ ಹೆಸರನ್ನು ಹೊತ್ತ ಮೊಮ್ಮಗಳೂ, ಒಂದೇ ಸಮುದ್ರದ ಎರಡು ದಡಗಳಲ್ಲಿ ಈಗ ಮೌನವಾಗಿ ನಿಂತಿದ್ದಾರೆ.

ದೀವ್‌ನ ಕಡಲ ತೀರದ ಗುಡ್ಡವೊಂದರ ಮೇಲೆ ಮೊದಲ ಖುಕ್ರಿಯ ಸ್ಮಾರಕವಿದೆ. ಗಾಜಿನ ಮನೆಯೊಂದರಲ್ಲಿ ಆ ನೌಕೆಯ ಪ್ರತಿಕೃತಿಯನ್ನು ಇರಿಸಿದ್ದಾರೆ. ಎದುರಿಗೆ ಕಣ್ಣು ಹಾಯುವಷ್ಟು ದೂರವೂ ನೀರು. ಆ ನೀರಿನಾಚೆ ಎಲ್ಲಿಯೋ ಆಳದಲ್ಲಿ ನಿಜವಾದ ಖುಕ್ರಿಯು ತನ್ನವರೊಡನೆ ಮಲಗಿದೆ. ನಮ್ಮ ಊರ ಬಾಗಿಲಿನ ವೀರಗಲ್ಲು ಹೇಗೆ ದಾರಿಹೋಕನನ್ನು ಒಂದು ಕ್ಷಣ ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆಯೋ, ಹಾಗೆಯೇ ಈ ಸ್ಮಾರಕವೂ ಯಾತ್ರಿಕನನ್ನು ನಿಲ್ಲಿಸುತ್ತದೆ. ಕಲ್ಲಿನಲ್ಲಿ ಕೊರೆಯಲಾಗದ ಕಥೆಯನ್ನು ಮನಸ್ಸಿನಲ್ಲಿ ಕೊರೆದುಕೊಳ್ಳಬೇಕಾಗಿದೆ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಬಾಲಕರಲ್ಲಿ ಯಾರು ಯಾವ ಕಾಯಕವನ್ನು ಕೈಗೊಳ್ಳುವರೋ ತಿಳಿಯದು. ಎಲ್ಲರಿಗೂ ಕಡಲು ಒದಗದು, ಎಲ್ಲರಿಗೂ ಯುದ್ಧ ಒದಗದು. ಒದಗದಿರಲೆಂಬುದೇ ಎಲ್ಲರ ಹಾರೈಕೆ. ಆದರೆ ತನ್ನನ್ನು ನಂಬಿದವರನ್ನು ಮೊದಲು ದಡ ಮುಟ್ಟಿಸಿ ತಾನು ಕೊನೆಗೆ ಹೊರಡಬೇಕಾದ ಗಳಿಗೆಯು ಪ್ರತಿಯೊಬ್ಬನ ಬಾಳಿನಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಆಗ ಖುಕ್ರಿಯ ನೆನಪು ಬಂದರೆ, ಸಮುದ್ರಗರ್ಭದಲ್ಲಿ ಮಲಗಿದ ಆ 194 ಮಂದಿಗೆ ಸಲ್ಲಬೇಕಾದ ಗೌರವವು ಸಂದಂತಾಗುತ್ತದೆ.